ತಿಕೀಟಿನ ಹಲ್ಲು

ನಮ್ಮ ಮಾವನೋರ ಆಲ್ಬಮ್ಮಿನಾಗ 1948ರ ಗಾಂಧೀಜಿ ಚಿತ್ರದ 10 ರೂಪಾಯಿ ಪೋಸ್ಟಿನ ತಿಕೀಟು ಒಂದದ. "ಮಾರೂಣು ವೈನಿ, ಹುಡುಗಿ ಫೀ ಆಗ್ತದ" ಅಂತಾನ ಮೈದುನ. ಖರೇನೋ ಖೋಟಾನೋ ಮೊದಲ ನೋಡಬೇಕಲ್ರೀ!

ಅಂಚಿನಾಗ 2 ಸೆಂಟಿಮೀಟರಿಗೆ ಎಷ್ಟು ತೂತು ಅಂತ ಎಣಿಸ್ತಾರ. ಸ್ವಿಟ್ಜರ್ಲೆಂಡಿನಾಗ ಅಚ್ಚಾದ ಈ ತಿಕೀಟಿಗೆ 11½ ಬರಬೇಕು. ಹರಿದ ಹಲ್ಲಿನ ತುದಿಗೆ ಕಾಗದದ ಎಳಿ ಕಾಣಬೇಕು. ಕತ್ರಿಲೆ ಕತ್ತರಿಸಿದಂಗ ನುಣ್ಣಗಿದ್ರ ಸಂಶಯ ಪಡಬೇಕು. ಭೂತಗನ್ನಡಿ ಹಿಡಿದು ನೋಡಿದೆ, ಲೆಕ್ಕ ಹೊಂದೇದ.

ಆದ್ರ ಖೋಟಾ ಮಾಡಾವ್ರೂ ತೂತು ಹೊಡೀತಾರ. ಕಾಗದ, ಅಚ್ಚು ಎಲ್ಲಾ ತಿಳದವ್ರಿಗೆ ತೋರಿಸಿದ ಮ್ಯಾಲೇ ಮಾರೋ ಮಾತು ಅಂದೀನಿ. ನಿಮ್ಮ ಮನ್ಯಾಗೂ ಹಳೇ ತಿಕೀಟು ಇದ್ರ, ಚೆಂದ ಕಾಣಲಿ ಅಂತ ಅಂಚು ಮಾತ್ರ ಕತ್ತರಿಸಬ್ಯಾಡ್ರಿ.