ಇಪ್ಪತ್ತು ಸಾವಿರದ ಡಬ್ಬ

ಹೋದ ವರ್ಷ ಬೋನಸ್ ಬಂದಾಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಅಪ್ಪನ ಕಿವಿಗೆ ಮಿಶಿನ್ ಕೊಡಿಸೋದು. ಇನ್ನೊಂದು, ಊರಿನ ಮನೇಲಿರೋ ಸ್ಟೀರಿಯೋಗೆ ಸಬ್‌ವೂಫರ್ ತರೋದು. ನಾನು ಸಬ್‌ವೂಫರ್ ತಂದೆ. ಬೈಯೋದಿದ್ರೆ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ನಮ್ಮೂರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ವಾರವೆಲ್ಲ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಶುಕ್ರವಾರ ರಾತ್ರಿ ಊರಿಗೆ ಬರೋದು ನನ್ನ ರೂಢಿ. ಬಾಡಿಗೆ ಮನೇಲಿ ಜೋರಾಗಿ ಹಾಡು ಹಾಕೋ ಹಾಗಿಲ್ಲ, ಗೋಡೆಯಾಚೆ ಪಕ್ಕದ ಮನೆಯವರ ಕೂಸು ಮಲಗಿರುತ್ತೆ. ಹಾಗಾಗಿ ನನ್ನ ಹಳೇ ಆಂಪ್ಲಿಫೈಯರ್, ಒಂದು ಜೋಡಿ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಊರಿನ ನಡುಮನೆ ಸೇರಿದ್ದವು.

ಅಪ್ಪ ಪ್ರಾಯದಲ್ಲಿ ಪೂಜಾ ಕುಣಿತ ಕುಣಿದವನು. ಅಲಂಕಾರ ಮಾಡಿದ ಪೂಜೆಯನ್ನು ತಲೆ ಮೇಲೆ ಹೊತ್ತು, ಕೈ ಬಿಟ್ಟು, ತಮಟೆ ನಗಾರಿಗೆ ಹೆಜ್ಜೆ ಹಾಕುತ್ತಿದ್ದನಂತೆ. ಅಂಥವನು ಈಗ ಎರಡು ವರ್ಷದಿಂದ ಮಂಕಾಗಿದ್ದ. ಫೋನ್ ಬಂದ್ರೆ ಅಮ್ಮನ ಕೈಗೆ ಕೊಡ್ತಿದ್ದ. ಊಟ ಆಯ್ತಾ ಅಂದ್ರೆ ಮಳೆ ಬರಲಿಲ್ಲ ಅಂತಿದ್ದ. ಹಬ್ಬಕ್ಕೂ ಜಗುಲಿ ಬಿಟ್ಟು ಇಳೀತಿರಲಿಲ್ಲ.

ಬೆಂಗಳೂರಿಗೆ ಕರೆತಂದು ಪರೀಕ್ಷೆ ಮಾಡಿಸಿದೆ. ಕಾಗದದ ಮೇಲಿನ ಗೆರೆ ಎಡಗಡೆ ನೆಟ್ಟಗಿತ್ತು, ಬಲಗಡೆ ಜಾರುಬಂಡೆಯಂತೆ ಇಳಿದಿತ್ತು. ಪರೀಕ್ಷೆ ಮಾಡಿದವರು ಬಿಡಿಸಿ ಹೇಳಿದರು: "ದಪ್ಪ ದನಿ ಚೆನ್ನಾಗೇ ಕೇಳ್ತಿದೆ. ತೀಕ್ಷ್ಣ ದನಿ ಹೋಗಿದೆ. ವಯಸ್ಸಾದವರಿಗೆ ಇದು ಸಾಮಾನ್ಯ. ಸ, ಶ, ತ ಥರದ ಅಕ್ಷರ ಗುರುತು ಸಿಗೋದು ಅಲ್ಲೇ. ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ." ಮಿಶಿನ್ ಹಾಕಿಸಿ ಅಂದರು. ಅಪ್ಪ ಅಲ್ಲೇ ಎದ್ದು ನಿಂತ. "ನಾನೇನ್ ಕೆಪ್ಪನೇನ್ಲಾ?"

ನಾನು ಆ ಮಾತುಗಳಲ್ಲಿ ನನಗೆ ಬೇಕಾದ್ದನ್ನಷ್ಟೇ ಹಿಡಿದುಕೊಂಡೆ. ದಪ್ಪ ದನಿ ಕೇಳುತ್ತೆ! ಹಾಗಾದ್ರೆ ದಪ್ಪ ದನೀನೇ ಮನೆಗೆ ತರೋಣ. ನಿಜ ಹೇಳಬೇಕಂದ್ರೆ, ಅಪ್ಪನ ಜೊತೆ ಆ ಮಾತು ಮತ್ತೆ ಎತ್ತೋದಕ್ಕಿಂತ ಒಂದು ಡಬ್ಬ ಕೊಳ್ಳೋದು ಸುಲಭವಿತ್ತು.

ಡಬ್ಬವನ್ನೇನೋ ಶ್ರದ್ಧೆಯಿಂದಲೇ ಆರಿಸಿದೆ. ನನ್ನ ಸ್ಪೀಕರ್‌ನ ವೂಫರ್ 5 ಇಂಚಿನದು, 60 ಹರ್ಟ್ಸ್‌ಗಿಂತ ಕೆಳಗೆ ಅದಕ್ಕೆ ದಮ್ಮಿಲ್ಲ. ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯೇ 41 ಹರ್ಟ್ಸ್. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸೋಕೆ ಕೋನ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಹಾಗಾಗಿ 8 ಇಂಚು ಬಿಟ್ಟು 10 ಇಂಚು ಅಂತ ತೀರ್ಮಾನಿಸಿದೆ. ಎರಡೇ ಇಂಚು ಅನ್ನಬೇಡಿ, ಕೋನಿನ ವಿಸ್ತೀರ್ಣ ಒಂದೂವರೆ ಪಟ್ಟು ಆಗುತ್ತೆ.

ಎರಡನೇದು ವಾಟ್. ಅಗ್ಗದ ಡಬ್ಬಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿರುತ್ತಾರೆ. ಅದನ್ನು ನಂಬಬೇಡಿ, ಆರ್‌ಎಂಎಸ್ ನೋಡಿ. ನಡುಮನೆಗೆ 100 ವಾಟ್ ಆರ್‌ಎಂಎಸ್ ಧಾರಾಳ. ಮೂರನೇದು, ಒಳಗೇ ಆಂಪ್ಲಿಫೈಯರ್ ಇರಬೇಕು. ಹಳೇ ಹೋಮ್ ಥಿಯೇಟರ್ ಸೆಟ್ಟಿನಿಂದ ಕಿತ್ತ ಸಬ್‌ವೂಫರ್‌ನಲ್ಲಿ ಸಾಮಾನ್ಯವಾಗಿ ಅದಿರಲ್ಲ. ನಾಲ್ಕನೇದು, ತುಂಬ ಜನ ಮರೆಯೋದು: ಹಳೇ ಸ್ಟೀರಿಯೋ ಆಂಪ್ಲಿಫೈಯರ್‌ಗಳಲ್ಲಿ ಸಬ್‌ವೂಫರ್‌ಗೆ ಬೇರೆ ಕಿಂಡಿಯೇ ಇರಲ್ಲ. ಆಗ ಸ್ಪೀಕರ್ ವೈರನ್ನೇ ನೇರ ಸಿಕ್ಕಿಸೋ ಟರ್ಮಿನಲ್ ಸಬ್‌ವೂಫರ್‌ನ ಬೆನ್ನಲ್ಲಿರಬೇಕು. ಎಸ್.ಪಿ. ರೋಡಿನಿಂದ ಹಿಡಿದು ಆನ್‌ಲೈನ್‌ವರೆಗೆ ಹುಡುಕಿ, ಇದೆಲ್ಲ ಇದ್ದ ಒಂದನ್ನು 20 ಸಾವಿರಕ್ಕೆ ತಂದೆ.

"ಇದೇನ್ ಮಗ, ಫ್ರಿಜ್ಜಾ?" ಅಂದಳು ಅಮ್ಮ. ಅಪ್ಪ ಬೆರಳು ತಿರುವಿ ರೇಟು ಕೇಳಿದ. ಎಂಟು ಬೆರಳು ತೋರಿಸಿದೆ. "ಎಂಟ್ ಸಾವ್ರಕ್ಕೆ ಎರಡ್ ಲೋಡ್ ಗೊಬ್ರ ಬತ್ತಿತ್ತು" ಅಂದ.

ಮೂಲೆಯಲ್ಲಿಟ್ಟು ಹಚ್ಚಿದೆ. ಒಂದು ಸ್ವರಕ್ಕೆ ಪಾತ್ರೆ ಸ್ಟ್ಯಾಂಡ್ ಗಡಗಡ ಅಂದರೆ, ಮುಂದಿನ ಸ್ವರ ಮಾಯ. ತಪ್ಪು ಕೋಣೆಯದು. 40 ಹರ್ಟ್ಸ್ ಅಲೆಯ ಉದ್ದ ಸುಮಾರು 28 ಅಡಿ. ನಮ್ಮ ನಡುಮನೆ 14 ಅಡಿ, ಸರಿಯಾಗಿ ಅರ್ಧ. ಅಲೆ ಗೋಡೆಯಿಂದ ಗೋಡೆಗೆ ಬಡಿದು ಒಂದು ಕಡೆ ಗುಡ್ಡೆಯಾಗುತ್ತೆ, ಇನ್ನೊಂದು ಕಡೆ ಬರಿದಾಗುತ್ತೆ. ಇದಕ್ಕೊಂದು ಉಪಾಯವಿದೆ. ಸಬ್‌ವೂಫರನ್ನು ಕೂರೋ ಕುರ್ಚಿ ಮೇಲಿಟ್ಟು ಹಾಡು ಹಾಕಿ, ನೀವು ಗೋಡೆ ಪಕ್ಕ ಅಂಬೆಗಾಲಿಡಬೇಕು. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತೋ ಅದೇ ಅದರ ಜಾಗ. ನಾನು ಹಾಗೆ ತೆವಳ್ತಾ ಇದ್ದಾಗ ಅಮ್ಮ ಬಾಗಿಲಲ್ಲಿ ನಿಂತು, "ಏನ್ ಕಳ್ಕಂಡೆ ಮಗ?" ಅಂದಳು. ಜಾಗ ಸಿಕ್ಕಿದ್ದು ರಾಗಿ ಮೂಟೆಗಳ ಪಕ್ಕ. ಗುಂಯ್ ಅನ್ನೋ 50 ಹರ್ಟ್ಸ್ ಸದ್ದೊಂದು ಕಾಡುತ್ತಿತ್ತು. ಆಂಪ್ಲಿಫೈಯರ್, ಸಬ್‌ವೂಫರ್ ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದ ಮೇಲೆ ಅದೂ ನಿಂತಿತು.

ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ನಗಾರಿಯ ಒಂದು ಒಳ್ಳೇ ರೆಕಾರ್ಡಿಂಗ್ ಹಾಕಿದೆ. ಮೊದಲ ಏಟಿಗೇ ತಲೆ ಎತ್ತಿದ. ಅಂಗೈಯನ್ನು ಎದೆ ಮೇಲಿಟ್ಟುಕೊಂಡು, "ಬಂತು ಕಣ್ಲಾ" ಅಂದ. ಹೆಬ್ಬೆರಳು ನೆಲ ಕುಟ್ಟತೊಡಗಿತು. ನಾನು ಗೆದ್ದೆ ಅನ್ಕೊಂಡು ವಾಲ್ಯೂಮ್ ಇನ್ನೂ ಏರಿಸಿ, ಒಂದು ಜನಪದ ಹಾಡು ಹಾಕಿದೆ. ಅಪ್ಪನ ಹುಬ್ಬು ಗಂಟಾಯಿತು.

"ಹಾಡೋರು ಬಾವಿಗ್ ಬಿದ್ದವ್ರೆ."

ದಪ್ಪ ದನಿ ಅತಿಯಾದರೆ ಅದರ ಮೇಲಿನ ದನಿಗಳನ್ನೆಲ್ಲ ಮುಚ್ಚಿಬಿಡುತ್ತೆ. ಒಳ್ಳೇ ಕಿವಿಗೇ ಅದು ಕಷ್ಟ. ಅಪ್ಪನಿಗೆ ಉಳಿದಿದ್ದ ಅಷ್ಟಿಷ್ಟು ಅಕ್ಷರವನ್ನೂ ನನ್ನ ಡಬ್ಬ ನುಂಗಿತ್ತು. ಹಿಂದೆ ಹೋಗಿ ತಿರುಗಣಿ ಇಳಿಸುತ್ತಾ ಬಂದೆ, ಅಪ್ಪ ಕೈ ಎತ್ತೋವರೆಗೆ. ನನಗೆ ಬೇಕಿದ್ದದ್ದಕ್ಕಿಂತ ಎಷ್ಟೋ ಕೆಳಗೆ ನಿಂತಿತು. ಅಲ್ಲಿ ಕೂತು ಕೇಳಿದಾಗ ಗೊತ್ತಾಯ್ತು, ಸರಿಯಾದ ಮಟ್ಟ ಅದೇ. ಸಬ್‌ವೂಫರ್ ಇದೆ ಅಂತಲೇ ಗೊತ್ತಾಗಬಾರದು, ಆಫ್ ಮಾಡಿದಾಗ ಮಾತ್ರ ಮನೆಯಿಂದ ಯಾರೋ ಎದ್ದು ಹೋದ ಹಾಗೆ ಅನ್ನಿಸಬೇಕು.

ಹಾಡು ಮುಗಿಯಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಗಾರಿ ಸರಿ. ಹಾಡೋರು ಏನಂತಾವ್ರೆ?" ಅಂದ.

ಪಕ್ಕಕ್ಕೆ ಹೋಗಿ ಕೂತೆ. "ಅದು ಈ ಡಬ್ಬದ ಕೈಲಾಗಲ್ಲ ಅಪ್ಪ. ಆ ಮಿಶಿನ್‌ಗೆ ಆಗುತ್ತೆ."

ಈ ಸಲ ಎದ್ದು ಹೋಗಲಿಲ್ಲ. ರಾಗಿ ಮೂಟೆ ಕಡೆ ನೋಡ್ತಾ ಕೇಳಿದ, "ಅದೆಷ್ಟು?"

"ಒಂದ್ ಕಿವಿಗೆ ಈ ಡಬ್ಬದಷ್ಟು."

"ಎಂಟ್ ಸಾವ್ರಾನಾ?"

ಸಿಕ್ಕಿಹಾಕಿಕೊಂಡೆ. ಎರಡೂ ಕೈ ಎತ್ತಿ, ಹತ್ತೂ ಬೆರಳನ್ನು ಎರಡು ಸಲ ತೋರಿಸಿದೆ. ಅಪ್ಪ ಡಬ್ಬ ನೋಡಿದ, ನನ್ನ ನೋಡಿದ, ಅಡುಗೆಮನೆ ಕಡೆ ತಿರುಗಿ, "ನಿನ್ ಮಗ ಸುಳ್ಳ ಕಣೇ" ಅಂತ ಕೂಗಿದ. ಆಮೇಲೆ ಮೆಲ್ಲಗೆ ಅಂದ:

"ಮೊದ್ಲು ಒಂದ್ ಕಿವಿಗೆ ಹಾಕ್ಕಂಡ್ ನೋಡಾನ. ಇನ್ನೊಂದ್ ಸರ್ತಿ ಆ ಹಾಡ್ ಹಾಕು."

ಬರೋ ಶನಿವಾರಕ್ಕೆ ಟೈಮ್ ತಗೊಂಡಿದ್ದೀನಿ. ಮುಂದಿನ ಬೋನಸ್‌ವರೆಗೆ ಕಾಯೋ ಹಾಗಿಲ್ಲ, ಈ ಸಲ ಕಂತಿನಲ್ಲಿ.