ನೆರೆಯವನನ್ನು ಕೇಳಿ ನಡೆಯುವ ಗಡಿಯಾರ

ಸಂಜೆ ಕೆಲಸ ಮುಗಿಸಿ ಸಾಸವಡದ ಮನೆ ಸೇರಿದ ಮೇಲೆ ನನ್ನ ಕೈ ಹೋಗುವುದು ಎಫ್‌ಪಿಜಿಎ ಬೋರ್ಡಿನ ಕಡೆಗೆ. ಕಾರ್ಖಾನೆಯಿಂದ ಬಂದ ಮೇಲೂ ಒಳಗಿನ ಸಂಪರ್ಕಗಳನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್ ಅದು. ಅದರೊಳಗೆ, ಒಂದು ಭಾಗ ಕೆಟ್ಟರೂ ತಾನೇ ಸುಧಾರಿಸಿಕೊಳ್ಳುವ ಗಡಿಯಾರ ಕಟ್ಟುವುದು ನನಗೆ ಬಲು ಇಷ್ಟದ ಹವ್ಯಾಸ.

ಈ ವಿದ್ಯೆಯನ್ನು 1990ರ ದಶಕದಲ್ಲಿ ಬೆಳೆಸಿದವರು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿದ್ದ ಡೇನಿಯಲ್ ಮಾಂಜ್ ಮತ್ತು ಸಂಗಡಿಗರು. ಹೆಸರು ಎಂಬ್ರಿಯಾನಿಕ್ಸ್. ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ ಯಂತ್ರದ ತರ್ಕವನ್ನು ಜಾನ್ ಫಾನ್ ನಾಯ್ಮನ್ ಅದಕ್ಕೂ ಮೊದಲೇ, 1940ರ ದಶಕದ ಕೊನೆಯಲ್ಲಿ ಯೋಚಿಸಿದ್ದರು. ಡಿಎನ್ಎ ರಚನೆ ಇನ್ನೂ ಗೊತ್ತಿರದ ಕಾಲ ಅದು!

ನಮ್ಮ ಪುರಂದರ ತಾಲ್ಲೂಕು ಅಂಜೂರದ ಸೀಮೆ. ಅಂಜೂರದ ಕಡ್ಡಿ ಮಣ್ಣಿಗಿಟ್ಟರೆ ಕೆಳತುದಿ ಬೇರು ಬಿಡುತ್ತದೆ, ಮೇಲಿನ ಕಣ್ಣು ಚಿಗುರುತ್ತದೆ. ಎರಡೂ ಕಡೆಯ ಜೀವಕೋಶಗಳಲ್ಲಿರುವುದು ಒಂದೇ ಬಗೆಯ ವಂಶವಾಹಿಗಳು. ಇರುವ ಜಾಗ ನೋಡಿ ಕೆಲಸ ಬೇರೆಯಾಗುತ್ತದೆ. ನನ್ನ ಗಡಿಯಾರವೂ ಹಾಗೆಯೇ.

ಚಿಪ್‌ನೊಳಗೆ ಐದು ಸಣ್ಣ ಭಾಗಗಳನ್ನು ಸಾಲಾಗಿ ಮಾಡಿಕೊಂಡಿದ್ದೇನೆ, ಅವೇ ನನ್ನ ಕೋಶಗಳು. ಮೊದಲು ಬಲತುದಿಯ ಒಂದೇ ಕೋಶಕ್ಕೆ ಪ್ರೋಗ್ರಾಂ ಕೊಡುತ್ತೇನೆ. ಅದು ಪಕ್ಕದ ಖಾಲಿ ಕೋಶಕ್ಕೆ ತನ್ನ ಪ್ರತಿ ದಾಟಿಸುತ್ತದೆ, ಅದು ಮುಂದಿನದಕ್ಕೆ. ಎಲ್ಲರಲ್ಲೂ ಪೂರ್ತಿ ಪ್ರೋಗ್ರಾಂ. ಮೊದಲ ಕೋಶದ ಸಂಖ್ಯೆ 1. ಉಳಿದವು ಬಲಗಡೆಯ ನೆರೆಯವನ ಸಂಖ್ಯೆಗೆ ಒಂದು ಕೂಡಿಸಿಕೊಳ್ಳುತ್ತವೆ. ಬೆಸಸಂಖ್ಯೆ ಬಂದರೆ 9ರವರೆಗೆ ಎಣಿಕೆ, ಸರಿಸಂಖ್ಯೆ ಬಂದರೆ 5ರವರೆಗೆ. ಸೆಕೆಂಡು, ನಿಮಿಷಗಳ ಬಿಡಿ-ಹತ್ತುಗಳಿಗೆ ಅಷ್ಟು ಸಾಕು. ಐದನೆಯ ಕೋಶ ದೀಪ ಆರಿಸಿಕೊಂಡು ಕಾದಿರುತ್ತದೆ.

ಈಗ ಎರಡನೆಯ ಕೋಶವನ್ನು ಕೆಡಿಸುತ್ತೇನೆ. ಅದು ನೆರೆಯವನಿಂದ ಬಂದ ಸಂಖ್ಯೆಯನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಮೂರನೆಯದು ಎರಡಾಗಿ, 9ರವರೆಗಿನ ಎಣಿಕೆ ಬಿಟ್ಟು 5ರವರೆಗೆ ಎಣಿಸತೊಡಗುತ್ತದೆ. ಕಾದಿದ್ದ ಕೋಶ ನಾಲ್ಕಾಗಿ ಬೆಳಗುತ್ತದೆ. ಸಮಯ ಸೊನ್ನೆಯಿಂದ ಶುರುವಾಗುತ್ತದೆ, ನಿಜ. ಆದರೆ ಯಾರೂ ಅಪ್ಪಣೆ ಕೊಡದೆ ಕೋಶಗಳು ಕೆಲಸ ಹಂಚಿಕೊಳ್ಳುವ ಆ ಗಳಿಗೆಯನ್ನು ಎಷ್ಟು ನೋಡಿದರೂ ನನಗೆ ತಣಿವಿಲ್ಲ.

ಲೊಸಾನ್‌ನವರು ಇದನ್ನೇ ಬಯೋವಾಲ್ ಎಂಬ ಹೆಸರಿನಲ್ಲಿ ಗೋಡೆಯಷ್ಟು ದೊಡ್ಡದಾಗಿ ಕಟ್ಟಿದರು. ನಮಗೆ ಅಷ್ಟೆಲ್ಲ ಬೇಡ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಇಂಥ ಬೋರ್ಡು ಸುಮ್ಮನೆ ಬಿದ್ದಿದ್ದರೆ ನಾಲ್ಕು ಕೋಶಗಳಿಂದ ಶುರು ಮಾಡಿ. ಐದನೆಯದಕ್ಕೆ ಜಾಗ ಬಿಡುವುದನ್ನು ಮಾತ್ರ ಮರೆಯಬೇಡಿ.