ಅವ್ವನ ಕೈ ಮತ್ತು ಅರಿಶಿನದ ಕಾಗದ



ನಮ್ಮ ವಿಜ್ಞಾನದ ಮೇಷ್ಟ್ರು ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ ಶುರು ಮಾಡಿದ ದಿನ ಪುಸ್ತಕ ತೆಗೆಸಲೇ ಇಲ್ಲ. "ಮದುವೆ ಹೆಣ್ಣಿಗೆ ಆರತಿ ಎತ್ತುತ್ತಾರಲ್ಲ, ಆ ನೀರು ಯಾಕೆ ಕೆಂಪಗಿರುತ್ತೆ?" ಎಂದು ಕೇಳಿದರು. "ಕುಂಕುಮ ಹಾಕ್ತಾರೆ ಸಾ" ಅಂತ ಅರ್ಧ ಕ್ಲಾಸು ಕೂಗಿತು. ಮೇಷ್ಟ್ರು ನಕ್ಕು, ಲೋಟದಲ್ಲಿ ಅರಿಶಿನದ ನೀರು ಮಾಡಿ ಚಿಟಿಕೆ ಸುಣ್ಣ ಹಾಕಿದರು. ನೀರು ಕೆಂಪಾಯಿತು. ಆಮೇಲೆ ನಿಂಬೆಹಣ್ಣು ಹಿಂಡಿದರು. ಮತ್ತೆ ಹಳದಿ! ಸುಣ್ಣ ಪ್ರತ್ಯಾಮ್ಲ, ನಿಂಬೆರಸ ಆಮ್ಲ, ಎರಡೂ ಸೇರಿದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ, ಇದೇ ತಟಸ್ಥೀಕರಣ ಎಂದರು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದ ಎಲ್ಲರಿಗೂ ಕೊಟ್ಟು, ಮನೆಯಲ್ಲಿ ಪರೀಕ್ಷೆ ಮಾಡಿ ಬನ್ನಿ ಎಂದರು.

ಮಾರನೆಯ ದಿನ ಒಂದು ರೇಷ್ಮೆಗೂಡು ತಂದರು. ರಾಮನಗರದ ಗೂಡಿನ ಮಾರ್ಕೆಟ್ಟು ನಮಗೆಲ್ಲ ಗೊತ್ತು. ನಮ್ಮಲ್ಲಿ ಹಲವರ ಮನೆಯಲ್ಲಿ ಹುಳ ಸಾಕುತ್ತಾರೆ. ಆದರೆ ಗೂಡನ್ನು ಬಿಸಿನೀರಿಗೆ ಯಾಕೆ ಹಾಕುತ್ತಾರೆ ಅಂತ ಯಾರೂ ಯೋಚಿಸಿರಲಿಲ್ಲ. ಎಳೆಯ ಒಳಗಿರುವುದು ಫೈಬ್ರಾಯಿನ್, ಅದನ್ನು ಸುತ್ತಿರುವ ಅಂಟು ಸೆರಿಸಿನ್, ಎರಡೂ ಪ್ರೋಟೀನುಗಳೇ. ತೂಕದಲ್ಲಿ ಸುಮಾರು ಕಾಲುಭಾಗ ಅಂಟೇ ಇರುತ್ತದಂತೆ. ಬಿಸಿನೀರಿಗೆ ಸೆರಿಸಿನ್ ಮೆತ್ತಗಾಗುತ್ತದೆ, ಫೈಬ್ರಾಯಿನ್ ಕರಗುವುದಿಲ್ಲ. ಅದಕ್ಕೇ ಎಳೆ ಬಿಚ್ಚಿಕೊಳ್ಳುತ್ತದೆ. ಇದು ದೊಡ್ಡ ಕ್ಲಾಸಿನ ಪಾಠ, ಆದರೂ ನಿಮ್ಮೂರಲ್ಲೇ ಇದೆ ಎಂದರು ಮೇಷ್ಟ್ರು.

ನಮ್ಮ ಅವ್ವ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ. ಅವಳ ಸೀರೆಗೆ ಗೂಡಿನ ವಾಸನೆ ಅಂತ ನಾನು ಶಾಲೆಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಅವತ್ತು ಸಂಜೆ ಸೆರಿಸಿನ್ ವಿಷಯ ಹೇಳಿದೆ. ಅವ್ವ, "ಹೆಸರು ನಂಗೊತ್ತಿಲ್ಲ ಮಗ. ನೀರು ಸರಿಯಾಗಿ ಕಾಯ್ದಿದ್ರೆ ಎಳೆ ಸಿಕ್ಕಲ್ಲ, ಗೂಡು ಜಾಸ್ತಿ ಬೆಂದ್ರೆ ಮುದ್ದೆ ಆಯ್ತದೆ" ಅಂದಳು. ಆಗ ಅವಳ ಕೈ ನೋಡಿದೆ. ದಿನವೆಲ್ಲ ಬಿಸಿನೀರಲ್ಲಿದ್ದು ಬೆರಳು ಬಿಳಿಚಿಕೊಂಡು ಸುಕ್ಕಾಗಿತ್ತು, ಸಂದುಗಳಲ್ಲಿ ಬಿರುಕು ಬಿಟ್ಟಿತ್ತು. ಬಂದವಳೇ ಸೋಪು ಹಾಕಿ ಬಟ್ಟೆ ಒಗೆದಿದ್ದಳು. ನಾನು ಅರಿಶಿನದ ಕಾಗದವನ್ನು ಅವಳ ಒದ್ದೆ ಅಂಗೈಗೆ ಒತ್ತಿದೆ. ಕಾಗದ ಕೆಂಪಾಯಿತು!

ನನಗೆ ಖುಷಿಯೋ ಖುಷಿ. ಪ್ರತ್ಯಾಮ್ಲ ಇದೆ, ಆಮ್ಲ ಹಾಕಿದರೆ ವಾಸಿಯಾಗುತ್ತದೆ ಅಂದುಕೊಂಡು ಅರ್ಧ ನಿಂಬೆಹಣ್ಣು ತಂದು ಅವಳ ಕೈಮೇಲೆ ಹಿಂಡಿಯೇ ಬಿಟ್ಟೆ. ಅವ್ವ "ಅಯ್ಯಯ್ಯೋ" ಅಂತ ಕಿರುಚಿ ಕೈ ಒದರಿದಳು. ಕಣ್ಣಲ್ಲಿ ನೀರು ಬಂದಿತ್ತು. ಅಪ್ಪ ಬೈದರು. ಅವ್ವ ಮಾತ್ರ, "ಬುಡಿ, ಒಳ್ಳೇದ್ಕೆ ಅಂತ ಮಾಡವ್ನೆ" ಅಂದಳು. ಬೈಗುಳಕ್ಕಿಂತ ಅದೇ ನನಗೆ ನೋವಾಯಿತು. ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ.

ಬೆಳಿಗ್ಗೆ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ. ಬೋರ್ಡಿನ ಮೇಲೆ 0ಯಿಂದ 14ರವರೆಗೆ ಒಂದು ಗೆರೆ ಎಳೆದರು. ಇದು ಪಿಎಚ್ ಅಳತೆ. 1909ರಲ್ಲಿ ಡೆನ್ಮಾರ್ಕ್ ದೇಶದ ಸೋರೆನ್‌ಸೆನ್ ಎಂಬ ವಿಜ್ಞಾನಿ ಇದನ್ನು ತಂದರು. 7 ಎಂದರೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದೊಂದು ಮೆಟ್ಟಿಲಿಗೂ 10 ಪಟ್ಟು ವ್ಯತ್ಯಾಸ. ನಮ್ಮ ಚರ್ಮದ ಮೇಲ್ಭಾಗ ಸುಮಾರು 5, ಬಟ್ಟೆ ಸೋಪಿನ ನೀರು ಸುಮಾರು 10, ನಿಂಬೆರಸ ಸುಮಾರು 2. "5ರಿಂದ 2ಕ್ಕೆ ಎಷ್ಟು ಮೆಟ್ಟಿಲು?" ಎಂದರು. "3 ಸಾ." "ಹಾಗಾದರೆ ಎಷ್ಟು ಪಟ್ಟು?" ನಾನು ಲೆಕ್ಕ ಹಾಕಿದೆ, 10 ಗುಣಿಸು 10 ಗುಣಿಸು 10. ಸಾವಿರ ಪಟ್ಟು! ಅಷ್ಟು ಹುಳಿಯನ್ನು ಬಿರುಕಿನೊಳಗೆ ಬಿಟ್ಟಿದ್ದೆ. "ಲೋಟದಲ್ಲಿ ಹೆಚ್ಚು ಕಮ್ಮಿ ಆದರೆ ಚೆಲ್ಲಬಹುದು. ಕೈಯನ್ನು ಚೆಲ್ಲೋಕಾಗುತ್ತಾ?" ಎಂದರು ಮೇಷ್ಟ್ರು. ಬಹಳ ಹೊತ್ತು ನೀರಲ್ಲಿದ್ದರೆ ಚರ್ಮ ಉಬ್ಬಿ ಮೆತ್ತಗಾಗುತ್ತದೆ, ಅದರ ಎಣ್ಣೆಯ ಅಂಶವೂ ಹೋಗುತ್ತದೆ. ಮೇಲಿಂದ ಸೋಪು ಬಿದ್ದರೆ ಇನ್ನೂ ಒಣಗಿ ಬಿರಿಯುತ್ತದೆ. ಸೋಪು ಹೋಗುವಂತೆ ಬರೀ ನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಲಿ, ಬಿರುಕು ಜಾಸ್ತಿಯಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಅವ್ವ ಗೂಡು ಬೇಯಿಸುವ ಬಗ್ಗೆ ಹೇಳಿದ ಮಾತನ್ನು ಎಲ್ಲರ ನೋಟ್ಸಿನಲ್ಲೂ ಬರೆಸಿದರು. ಅದು ಯಾರ ಮಾತು ಅಂತ ಕೇಳಿದಾಗ, "ನಮ್ಮವ್ವಂದು ಸಾ, ನೂಲು ಬಿಚ್ಚೋಕೆ ಹೋಗ್ತಾಳೆ" ಅಂತ ಎದ್ದು ನಿಂತು ಹೇಳಿದೆ.

ಈಗ ಬಟ್ಟೆ ಜಾಲಿಸುವುದು ನನ್ನ ಕೆಲಸ. ರಾತ್ರಿ ಅವ್ವನ ಕೈಗೆ ಎಣ್ಣೆ ಹಚ್ಚುತ್ತೇನೆ. ಬಿರುಕು ಪೂರ್ತಿ ಹೋಗಿಲ್ಲ, ಯಾಕೆಂದರೆ ಕೆಲಸ ಬಿಡೋಕಾಗಲ್ಲ. ಆದರೆ ಉರಿ ಕಮ್ಮಿಯಾಗಿದೆ ಅಂತಾಳೆ. ನಿಂಬೆಹಣ್ಣು ಕಂಡರೆ ಮಾತ್ರ ಇನ್ನೂ ಕೈ ಹಿಂದಕ್ಕೆ ಎಳೆದುಕೊಂಡು ನಗುತ್ತಾಳೆ.

ಗೆಳೆಯರೇ, ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಕೊಡುವಾಗ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹುಳ ಜ್ವರಕ್ಕೆ ಕೂತಾಗ ಹಾಸಿಗೆ ಒಣಗಲು ಸುಣ್ಣದ ಪುಡಿ ಉದುರಿಸುತ್ತಾರೆ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಮುಂದಿನ ಗೋಡೆ ಪತ್ರಿಕೆಗೆ ಬರೆಯಿರಿ. ಆದರೆ ಮೊದಲು ಲೋಟದಲ್ಲಿ ಮಾಡಿ ನೋಡಿ, ಅವ್ವನ ಕೈಮೇಲೆ ಬೇಡ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿ